ಮುರಿದ ನಾಬ್‌ಗೆ ಬದಲಿ: ಅಳತೆಯಿಂದ ಪ್ರಿಂಟ್‌ವರೆಗೆ

ಆಂಪ್ಲಿಫೈಯರ್, ಟೈಮರ್, ರೆಗ್ಯುಲೇಟರ್ ಯಾವುದೇ ಆಗಲಿ, ಒಳಗಿನ ಯಂತ್ರ ಗಟ್ಟಿಮುಟ್ಟಾಗಿ ಇರುವಾಗಲೇ ಮೇಲಿನ ನಾಬ್ ಸೀಳು ಬಿಡುತ್ತದೆ. ಬಿಸಿ ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಹಾಕುವ 3ಡಿ ಪ್ರಿಂಟರಿನಲ್ಲಿ ಅದಕ್ಕೆ ಬದಲಿ ಮಾಡಿಕೊಳ್ಳಬಹುದು. ನಾಬ್ ಕೂರುವ ಶಾಫ್ಟ್, ಅಂದರೆ ತಿರುಗುವ ಕಡ್ಡಿ, ಸಾಮಾನ್ಯವಾಗಿ ‘ಡಿ’ ಆಕಾರದ್ದು: ವ್ಯಾಸ 6 ಮಿ.ಮೀ., ಚಪ್ಪಟೆ ಬದಿಯಿಂದ ಎದುರು ಬದಿಗೆ 4.5 ಮಿ.ಮೀ. ಹಾಗಂತ ಅಳೆಯದೆ ಮುಂದೆ ಹೋಗಬೇಡಿ. ಕ್ಯಾಲಿಪರನ್ನು ಶಾಫ್ಟಿನ ನಡುಭಾಗಕ್ಕೆ ಹಿಡಿಯಬೇಕು; ತುದಿಯ ಅಂಚನ್ನು ಓರೆ ಮಾಡಿರುತ್ತಾರೆ, ಅಲ್ಲಿ ಅಳತೆ ಕಡಿಮೆ ಬರುತ್ತದೆ. ಹಲ್ಲು ಕೊರೆದ ಶಾಫ್ಟಿನ ವಿಷಯವೇ ಬೇರೆ, ಅದು ಇಲ್ಲಿ ಬೇಡ.

ವಿನ್ಯಾಸಕ್ಕೆ ನಾನು ಬಳಸುವುದು ಓಪನ್‌ಸ್ಕ್ಯಾಡ್ ಎಂಬ ತಂತ್ರಾಂಶ. ಇದರಲ್ಲಿ ಚಿತ್ರ ಬಿಡಿಸುವುದಿಲ್ಲ, ಆಕಾರವನ್ನು ಕೋಡಿನ ಸಾಲುಗಳಲ್ಲಿ ಬರೆಯುವುದು. ಸಿಲಿಂಡರಿನಿಂದ ‘ಡಿ’ ಆಕಾರವನ್ನು ಕಳೆದರೆ ನಾಬ್ ಸಿದ್ಧ. ಮೊದಲ ಸಲ ಎಲ್ಲರೂ ಎಡವುವುದು ವೃತ್ತದಲ್ಲಿ. ವೃತ್ತಕ್ಕೆ ಎಷ್ಟು ಮೂಲೆ ಎಂದು ಹೇಳುವ ‘$ಎಫ್‌ಎನ್’ ಬೆಲೆ ಕೊಡದಿದ್ದರೆ 3 ಮಿ.ಮೀ. ತ್ರಿಜ್ಯದ ವೃತ್ತ ಬರೀ 10 ಮೂಲೆಗಳ ಬಹುಭುಜವಾಗುತ್ತದೆ. ಮೂಲೆಯಿಂದ ಮೂಲೆಗೆ 6 ಇದ್ದರೂ ಬದಿಯಿಂದ ಬದಿಗೆ ಸುಮಾರು 5.7. ಶಾಫ್ಟ್ ಹೋಗಲಿಲ್ಲವೆಂದು ಪ್ರಿಂಟರನ್ನು ಬೈದು ಫಲವಿಲ್ಲ! 64 ಕೊಟ್ಟರೆ ಈ ತೊಂದರೆ ತೀರುತ್ತದೆ.

ಅಷ್ಟಾದರೂ ತೂತು ಬಿಗಿಯಾಗಿಯೇ ಬರುತ್ತದೆ. ಒಳ ತಿರುವಿನಲ್ಲಿ ಬಿಸಿ ಪ್ಲಾಸ್ಟಿಕ್ ಎಳೆ ಕೇಂದ್ರದ ಕಡೆಗೆ ಜಗ್ಗುತ್ತದೆ, ತಣ್ಣಗಾಗುವಾಗ ಕುಗ್ಗುತ್ತದೆ. ಹಾಗಾಗಿ ಇಡೀ ನಾಬ್ ಪ್ರಿಂಟ್ ಮಾಡುವ ಮೊದಲು 5 ಮಿ.ಮೀ. ಎತ್ತರದ ಮೂರು ಉಂಗುರ ತೆಗೆಯುತ್ತೇನೆ: ತೂತು 6.1, 6.2, 6.3. ಬೆರಳಲ್ಲಿ ಒತ್ತಿದಾಗ ಕೂರುವ, ಕೂತ ಮೇಲೆ ಅಲ್ಲಾಡದ ಉಂಗುರದ ಅಳತೆಯೇ ಅಂತಿಮ. ಮೊದಲ ಪದರ ಒತ್ತಿ ಹರಡುವುದರಿಂದ ತೂತಿನ ಬಾಯಿ ಕಿರಿದಾಗುತ್ತದೆ, ಅಲ್ಲಿ 0.5 ಮಿ.ಮೀ. ಓರೆ ಕೊಡಬೇಕು.

ತೂತಿನ ಅಕ್ಷ ನೇರ ಮೇಲಕ್ಕೆ ಇರುವಂತೆ ಪ್ರಿಂಟ್ ಮಾಡಿ. ಶಾಫ್ಟ್ ಒಳಗೆ ಹೊಕ್ಕಾಗ ನಾಬನ್ನು ಸುತ್ತಲೂ ಹಿಗ್ಗಿಸುತ್ತದೆ. ಎಳೆಗಳು ತೂತನ್ನು ಬಳಸಿಕೊಂಡು ಹೋಗಿದ್ದರೆ ತಡೆಯುತ್ತವೆ, ಮಲಗಿಸಿ ಮಾಡಿದ್ದು ಪದರದ ಜಾಡಿನಲ್ಲೇ ಬಿರಿಯುತ್ತದೆ. ಶಾಫ್ಟಿನ ಸುತ್ತ ಕನಿಷ್ಠ 3 ಮಿ.ಮೀ. ಗೋಡೆ ಬಿಡಿ. ಗಟ್ಟಿ ಬೇಕೆಂದು ಇನ್‌ಫಿಲ್ (ಗೋಡೆಗಳ ನಡುವಿನ ತುಂಬು) ಏರಿಸುವುದು ದಂಡ; ಪ್ಲಾಸ್ಟಿಕ್ ಹೊರಬರುವ ಮೂತಿ, ಅಂದರೆ 0.4 ಮಿ.ಮೀ. ನಾಜಲ್‌ನಲ್ಲಿ ಗೋಡೆ ಎಳೆಗಳನ್ನು 4ಕ್ಕೆ ಏರಿಸಿ.

ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಪಿಇಟಿಜಿ ಸುಮಾರು 80ಕ್ಕೆ. ಒಲೆಯ ನಾಬ್‌ಗೆ ಎರಡೂ ಬೇಡ. ಬಿಸಿ ಇಲ್ಲದ ಜಾಗದಲ್ಲೂ ಪಿಎಲ್‌ಎಗೆ ಇನ್ನೊಂದು ದೋಷವಿದೆ: ಬಿಗಿತ ಸದಾ ಇದ್ದರೆ ನಿಧಾನಕ್ಕೆ ಸಡಿಲಗೊಳ್ಳುತ್ತದೆ. ಶಾಫ್ಟನ್ನು ಒತ್ತಿ ಹಿಡಿಯುವ ಎಂ3 (3 ಮಿ.ಮೀ.) ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂ, ಹಾಕಿದರೆ ಆ ಚಿಂತೆ ಇಲ್ಲ. ಎಂ3 ನಟ್ 5.5 ಅಗಲ, 2.4 ದಪ್ಪ, ಅದರ ಗೂಡನ್ನು 5.7, 2.7 ಮಾಡುತ್ತೇನೆ. ಆದರೆ ಗೋಡೆಯ ಕರೆಂಟಿಗೆ ನೇರ ಸೇರಿದ ರೆಗ್ಯುಲೇಟರಿಗೆ ಲೋಹದ ಸ್ಕ್ರೂ ಕೂಡದು, ಶಾಫ್ಟಿನಲ್ಲಿ ವಿದ್ಯುತ್ ಸೋರಿದರೆ ಬೆರಳಿಗೇ ತಾಗುತ್ತದೆ.

2005ರಲ್ಲಿ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಆರಂಭಿಸಿದ ರೆಪ್‌ರ್ಯಾಪ್ ಯೋಜನೆ ಪ್ರಿಂಟರಿನ ವಿನ್ಯಾಸವನ್ನೇ ಎಲ್ಲರ ಮುಂದಿಟ್ಟಿತು. 2009ರಲ್ಲಿ ಈ ವಿಧಾನದ ಮೂಲ ಪೇಟೆಂಟ್ ಮುಗಿದ ಮೇಲೆ ಯಂತ್ರ ಅಗ್ಗವಾಯಿತು. ಆದರೂ ಹೆಚ್ಚಿನವರು ಹಂಚುವುದು ಎಸ್‌ಟಿಎಲ್ ಕಡತ, ಅಂದರೆ ಬರೀ ತ್ರಿಕೋನಗಳ ರಾಶಿ. ಅದರಲ್ಲಿ 6.2 ಎಂಬ ಅಂಕಿ ಎಲ್ಲೂ ಇಲ್ಲ, ತಿದ್ದುವುದೇನನ್ನು? ನಾನು ಸ್ಕ್ಯಾಡ್ ಕಡತವನ್ನೇ ಕೊಡುತ್ತೇನೆ. ವ್ಯಾಸ, ಚಪ್ಪಟೆ ಅಳತೆ, ಆಳ, ಸಡಿಲ, ಈ ನಾಲ್ಕೂ ಮೊದಲ ಸಾಲುಗಳಲ್ಲಿ. ಚರಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಪಕ್ಕದ ಟಿಪ್ಪಣಿ ಕನ್ನಡದಲ್ಲಿದ್ದರೆ ತಕರಾರಿಲ್ಲ. ಬೇರೆಯವರ ಪ್ರಿಂಟರಿಗೆ ಸಡಿಲ 0.2 ಸಾಲದೆ 0.3 ಬೇಕಾದೀತು. ಅದಕ್ಕೇ ಪರೀಕ್ಷೆಯ ಉಂಗುರಗಳೂ ಅದೇ ಕಡತದಲ್ಲಿವೆ, ಒಂದು ಸಾಲು ಬದಲಿಸಿದರೆ ನಾಬಿನ ಬದಲು ಅವು ಬರುತ್ತವೆ.