ದುಡ್ಡು ಕಮ್ಮಿಯಾದಾಗ ಸೇವಾ ಸಮಿತಿ ನಡೆಸುವುದು ಹೇಗೆ?

ದಾವಣಗೆರೆಯಲ್ಲಿ ಸಣ್ಣ ಸಣ್ಣ ಸೇವಾ ಸಮಿತಿಗಳಿಗೆ ಬರವಿಲ್ಲ. ಆಸ್ಪತ್ರೆ ಮುಂದೆ ಅನ್ನ-ಸಾರು ಬಡಿಸುವವರಿದ್ದಾರೆ, ಮಕ್ಕಳಿಗೆ ನೋಟ್‌ಬುಕ್ ಹಂಚುವವರಿದ್ದಾರೆ, ಒಂಟಿಯಾಗಿರುವ ಅಜ್ಜ-ಅಜ್ಜಿಯರ ಮನೆಗೆ ಊಟದ ಡಬ್ಬಿ ಮುಟ್ಟಿಸುವವರಿದ್ದಾರೆ. ಬರ ಬಂದಿದ್ದು ದುಡ್ಡಿಗೆ. 2023ರಂತೆ ಮಳೆ ಕೈಕೊಟ್ಟ ವರ್ಷ ಭತ್ತ, ಮೆಕ್ಕೆಜೋಳ ಎರಡೂ ಸೊರಗುತ್ತವೆ. ಮಂಡಿಯಲ್ಲಿ ವ್ಯಾಪಾರ ಬಿದ್ದರೆ ಸಮಿತಿಯ ರಸೀದಿ ಪುಸ್ತಕವೂ ಹಾಗೇ ಉಳಿಯುತ್ತದೆ.

ಆಗ ಹೆಚ್ಚಿನವರು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿತ ಮಾಡುತ್ತಾರೆ. ಸಾರು ತೆಳುವಾಗುತ್ತದೆ, ಡಬ್ಬಿ ಅರ್ಧವಾಗುತ್ತದೆ. ಯಾರಿಗೂ ಹೊಟ್ಟೆ ತುಂಬುವುದಿಲ್ಲ, ಖರ್ಚೂ ಅಷ್ಟೇನೂ ಇಳಿಯುವುದಿಲ್ಲ. ಅದರ ಬದಲು ಬೇರೆ ಕಡೆ ಸಿಗುವುದನ್ನು ಪೂರ್ತಿ ಬಿಡಿ, ಎಲ್ಲೂ ಸಿಗದ್ದನ್ನು ಪೂರ್ತಿ ಉಳಿಸಿ. ಮಾಡುವ ಕ್ರಮ ಹೀಗೆ.

ಮೊದಲು ಲೆಕ್ಕ

ತಿಂಗಳ ಖರ್ಚು 90 ಸಾವಿರ, ಬರುತ್ತಿರುವುದು 60 ಸಾವಿರ, ಬ್ಯಾಂಕಿನಲ್ಲಿ 1 ಲಕ್ಷ 20 ಸಾವಿರ ಇದೆ ಎಂದುಕೊಳ್ಳಿ. ತಿಂಗಳಿಗೆ 30 ಸಾವಿರ ಕೊರತೆ ಅಂದರೆ ನಾಲ್ಕು ತಿಂಗಳಿಗೆ ಖಾತೆ ಖಾಲಿ. ಆದರೆ ಆ 1.20 ಲಕ್ಷದಲ್ಲಿ 40 ಸಾವಿರ ಯಾರೋ ‘ಮಕ್ಕಳ ಫೀಸಿಗೆ’ ಎಂದು ಬರೆಸಿ ಕೊಟ್ಟಿದ್ದರೆ ಅದನ್ನು ಅನ್ನಕ್ಕೆ ಮುಟ್ಟುವಂತಿಲ್ಲ. ಉಳಿದಿದ್ದು 80 ಸಾವಿರ, ಮೂರು ತಿಂಗಳಿಗೂ ಸಾಲದು. ಕಿರಾಣಿ ಅಂಗಡಿಯ ಉದ್ರಿಯನ್ನೂ ಇಲ್ಲೇ ಕಳೆಯಿರಿ. ಖಜಾಂಚಿಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಯಾವುದನ್ನು ಬಿಡಬೇಕು?

ಒಂದು ಹಾಳೆ ತೆಗೆದುಕೊಂಡು ಪ್ರತಿ ಸೇವೆಯ ಮುಂದೆ ‘ಇದು ಬೇರೆಲ್ಲಿ ಸಿಗುತ್ತದೆ?’ ಎಂದು ಬರೆಯಿರಿ. ಸರ್ಕಾರಿ ಶಾಲೆ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರದ ಬಟ್ಟೆ ಶಾಲೆಯಲ್ಲೇ ಉಚಿತ. ಹಾಗಾಗಿ ಸಮವಸ್ತ್ರದ ಬಟ್ಟೆ ಕೊಡಿಸುವುದನ್ನು ನಿಲ್ಲಿಸಬಹುದು, ನೋಟ್‌ಬುಕ್ ಮುಂದುವರಿಸಿ. ಬಿಪಿ, ಶುಗರ್ ಮಾತ್ರೆಗೆ ಪ್ರತಿ ತಿಂಗಳು ಸಮಿತಿಯೇ ದುಡ್ಡು ಕೊಡುತ್ತಿದ್ದರೆ, ಡಾಕ್ಟರ ಹತ್ತಿರ ಜನರಿಕ್ ಹೆಸರು (ಕಂಪನಿಯ ಬ್ರಾಂಡ್ ಅಲ್ಲ, ಔಷಧದ ಮೂಲ ಹೆಸರು) ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಬಿಲ್ ಎಷ್ಟು ಇಳಿಯಿತು ಎಂದು ನೀವೇ ನೋಡುತ್ತೀರಿ.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತಿಂಗಳಿಗೆ 1,200 ರೂಪಾಯಿ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಸಮಿತಿ ಈವರೆಗೆ ಕೈಯಿಂದ ಐನೂರು ಕೊಡುತ್ತಿತ್ತು ಎಂದರೆ, ಅದರ ಬದಲು ಒಬ್ಬ ಕಾಲೇಜು ಹುಡುಗನನ್ನು ಅಜ್ಜಿಯ ಜೊತೆ ಕಳಿಸಿ ಅರ್ಜಿ ಹಾಕಿಸಿ. ಆದರೆ ಪಿಂಚಣಿ ಮಂಜೂರಾಗಿ ಖಾತೆಗೆ ಬೀಳುವವರೆಗೂ ಆ ಐನೂರು ನಿಲ್ಲಿಸಬೇಡಿ. ಈ ವಿಷಯದಲ್ಲಿ ಅವಸರ ಬೇಡವೇ ಬೇಡ.

ಹಾಗಾದರೆ ಉಳಿಸಬೇಕಾದದ್ದು ಯಾವುದು? ಜಿಲ್ಲಾ ಚಿಗಟೇರಿ ಆಸ್ಪತ್ರೆಗೆ ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವವರನ್ನು ನೋಡಿ. ದಾಖಲಾದ ರೋಗಿಗೆ ಒಳಗೆ ಊಟ ಬರುತ್ತದೆ. ಜೊತೆಗೆ ಬಂದ ತಾಯಿಯೋ ಮಗನೋ ಹೊರಗೆ ಕೂತಿರುತ್ತಾರೆ, ಅವರನ್ನು ಕೇಳುವವರಿಲ್ಲ. ಈ ಊಟ ಉಳಿಯಬೇಕು. ಎದ್ದು ಅಡುಗೆ ಮಾಡಿಕೊಳ್ಳಲಾಗದವರ ಡಬ್ಬಿಯೂ ಉಳಿಯಬೇಕು. ‘ಡಬ್ಬಿ ಯಾಕೆ, ರೇಷನ್ ಕಿಟ್ ಕೊಟ್ಟುಬಿಡೋಣ’ ಎಂದು ಸಭೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಒಲೆ ಮುಂದೆ ನಿಲ್ಲಲಾಗದವರಿಗೆ ಅಕ್ಕಿ ಮೂಟೆ ಕೊಟ್ಟು ಏನು ಪ್ರಯೋಜನ, ಅಲ್ವಾ?

ಅಡುಗೆಮನೆಯಲ್ಲಿ ಉಳಿತಾಯ

ದುಡ್ಡು ನಿಜವಾಗಿ ಸೋರುವುದು ಇಲ್ಲಿ. ಇನ್ನೂರು ಜನ ಬರಬಹುದು ಎಂದು ಅಂದಾಜಿನ ಮೇಲೆ ಬೇಯಿಸಿ, ನೂರೈವತ್ತು ಜನ ಬಂದರೆ ಐವತ್ತು ಜನರ ಅನ್ನ ಹಾಳು. ಅದಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಕಾರ್ಯಕರ್ತರು ಆಸ್ಪತ್ರೆಯ ವಾರ್ಡ್ ಸುತ್ತಿ ಟೋಕನ್ ಕೊಟ್ಟು ಬರಲಿ. ಹತ್ತು ಗಂಟೆಗೆ ಲೆಕ್ಕ ಅಡುಗೆಯವರ ಕೈಗೆ ಸಿಗುತ್ತದೆ. ಒಂದು ಕೆಜಿ ಅಕ್ಕಿಗೆ ಎಂಟರಿಂದ ಹತ್ತು ಜನ ಎಂದು ಹಿಡಿದು, ಟೋಕನ್ ಇಲ್ಲದೆ ಬರುವವರಿಗೆಂದು ಹತ್ತು ಊಟ ಜಾಸ್ತಿ ಇಟ್ಟುಕೊಂಡರೆ ಸಾಕು.

ಚಪಾತಿ ನಿಲ್ಲಿಸಿ. ಗ್ಯಾಸೂ ಜಾಸ್ತಿ, ಕೂಲಿಯೂ ಜಾಸ್ತಿ. ಅನ್ನ, ತರಕಾರಿ ಹಾಕಿದ ಗಟ್ಟಿ ಸಾರು, ಮಜ್ಜಿಗೆ ಸಾಕು. ಬೇಳೆ ಮಾತ್ರ ಕಮ್ಮಿ ಮಾಡಬೇಡಿ. ಗ್ಯಾಸ್ ಉಳಿಸಲು ಬೇಳೆಯನ್ನು ರಾತ್ರಿಯೇ ನೆನೆಹಾಕಿ, ಬೇಯುವಾಗ ಮುಚ್ಚಳ ತೆಗೆಯಬೇಡಿ.

ಡಬ್ಬಿಯನ್ನು ದಿನಕ್ಕೆ ಎರಡು ಸಲ ಕಳಿಸುತ್ತಿದ್ದರೆ ಮಧ್ಯಾಹ್ನ ಒಂದೇ ಸಲ ಮಾಡಿ. ಪೆಟ್ರೋಲ್ ಅರ್ಧ ಉಳಿಯುತ್ತದೆ. ರಾತ್ರಿಗೆಂದು ಅದರ ಜೊತೆಗೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಡಿ. ಖಡಕ್ ರೊಟ್ಟಿ ಕೆಡುವುದಿಲ್ಲ ನಿಜ, ಆದರೆ ಹಲ್ಲಿಲ್ಲದ ಅಜ್ಜನಿಗೆ ಮೆತ್ತನೆ ರೊಟ್ಟಿಯೇ ಆಗಬೇಕು. ಯಾರಿಗೆ ಯಾವುದು ಎಂದು ಡಬ್ಬಿಯ ಮೇಲೆ ಬಣ್ಣದ ದಾರ ಕಟ್ಟಿದರೆ ಗೊಂದಲವಿಲ್ಲ.

ಭಾನುವಾರ ಅಡುಗೆಗೆ ರಜೆ ಕೊಡಬೇಕಾಗಿ ಬಂದರೆ ಇಂದಿರಾ ಕ್ಯಾಂಟೀನ್ ನೆನಪಿರಲಿ. ಊಟ 10 ರೂಪಾಯಿ. ಅಲ್ಲಿ ಹೊತ್ತಿಗೆ ಇಷ್ಟೇ ಪ್ಲೇಟ್ ಎಂಬ ಲೆಕ್ಕ ಇರುತ್ತದೆ. ಅದನ್ನೂ, ಭಾನುವಾರ ತೆರೆದಿರುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

ಹೇಳುವ ರೀತಿ

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ನಾಳೆ ‘ಯಾರನ್ನು ಕೇಳಿ ನಿಲ್ಲಿಸಿದಿರಿ’ ಎಂಬ ಜಗಳ ಬರಬಾರದು. ಊಟ ಪಡೆಯುವವರಿಗೆ ಎರಡು ವಾರ ಮುಂಚೆ, ಮುಖಾಮುಖಿಯಾಗಿ ತಿಳಿಸಿ. ‘ಅಜ್ಜಿ, ಬರೋ ತಿಂಗಳಿಂದ ರಾತ್ರಿ ಡಬ್ಬಿ ಬರಲ್ಲ. ಮಧ್ಯಾಹ್ನದ್ದರ ಜೊತೆಗೇ ರೊಟ್ಟಿ ಇಟ್ಟಿರ್ತೀವಿ.’ ಇಷ್ಟೇ ಸಾಕು. ಗೇಟಿಗೆ ನೋಟಿಸ್ ಅಂಟಿಸಿ ಕೈತೊಳೆದುಕೊಂಡರೆ ಓದಲು ಬಾರದವರು ಡಬ್ಬಿ ಬರುತ್ತದೆಂದು ರಾತ್ರಿಯೆಲ್ಲ ಕಾಯುತ್ತಾರೆ.

ದಾನಿಗಳ ಹತ್ತಿರ ಹೋಗುವಾಗ

ಸುಮ್ನೆ ‘ಸಹಾಯ ಮಾಡಿ’ ಎಂದರೆ ಯಾರೂ ಕಿಸೆಗೆ ಕೈ ಹಾಕುವುದಿಲ್ಲ. ‘ಬುಧವಾರದ ಊಟದ ಖರ್ಚು ಇಷ್ಟು’ ಎಂದು ಲೆಕ್ಕದ ಹಾಳೆ ತೋರಿಸಿ ಕೇಳಿ. ನಗದು ಕೊಡಲಾಗದ ವ್ಯಾಪಾರಿ ಸಾಮಾನು ಕೊಡಬಹುದು. ಭತ್ತದ ಸುಗ್ಗಿ ಮುಗಿದ ಮೇಲೆ ರೈಸ್‌ಮಿಲ್‌ಗಳಲ್ಲಿ ಅಕ್ಕಿ, ಎಪಿಎಂಸಿಯಲ್ಲಿ ಈರುಳ್ಳಿ ಕೇಳಿ ನೋಡಿ. ಒಂದು ಮಾತು ಮುಚ್ಚಿಡಬೇಡಿ: ಸಾಮಾನು ಕೊಟ್ಟರೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಎನ್ನುತ್ತಾರಲ್ಲ, ಅದು) ಇಲ್ಲ. ನಗದು 2,000 ರೂಪಾಯಿ ದಾಟಿದರೂ ಇಲ್ಲ, ಚೆಕ್ ಅಥವಾ ಯುಪಿಐ ಆಗಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ಕಂಪನಿಗಳು ಸಮಾಜಸೇವೆಗೆಂದು ತೆಗೆದಿಡುವ ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಈ ತಿಂಗಳ ಅಕ್ಕಿ ತರಿಸಬೇಡಿ.

ಕೈಗೆ ಮತ್ತೆ ದುಡ್ಡು ಬಂದಾಗ ಮೊದಲು ಕಿರಾಣಿ ಉದ್ರಿ ತೀರಿಸಿ, ಆಮೇಲೆ ಮೂರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ತೆಗೆದಿಡಿ. ನಿಲ್ಲಿಸಿದ್ದರಲ್ಲಿ ಮೊದಲು ಶುರುವಾಗಬೇಕಾದದ್ದು ರಾತ್ರಿಯ ಡಬ್ಬಿ. ಚಪಾತಿಗೆ ಅವಸರವಿಲ್ಲ.