ಆಫೀಸಿನ ಚಾಟ್: ಸರ್ವರ್ ಸ್ವಂತದ್ದೋ, ಕ್ಲೌಡ್‌ದ್ದೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಲವತ್ತು ಜನ ದುಡಿಯುವ ವಾಲ್ವ್ ಕಾರ್ಖಾನೆಯೊಂದನ್ನು ನೆನೆಸಿಕೊಳ್ಳಿ. ಡ್ರಾಯಿಂಗ್, ದರಪಟ್ಟಿ, ರಜೆ ಚೀಟಿ, ಹಬ್ಬದ ಶುಭಾಶಯ ಎಲ್ಲವೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿ. ಸೂಪರ್‌ವೈಸರ್ ಕೆಲಸ ಬಿಟ್ಟ ದಿನ ಅವರ ಫೋನಿನ ಜೊತೆ ದರಪಟ್ಟಿಯೂ ಗೇಟು ದಾಟುತ್ತದೆ. ಮಾಲೀಕರು ಬೇರೆ ಚಾಟ್ ಆ್ಯಪ್ ಹುಡುಕಲು ಶುರುಮಾಡುವುದು ಆಗಲೇ.

ಆಗ ಎದುರಾಗುವ ದಾರಿ ಎರಡು: ಸಂದೇಶಗಳನ್ನಿಡುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ನೀವೇ ನಡೆಸುವುದು; ಇಲ್ಲವೇ ಆ್ಯಪ್ ಕಂಪನಿಯೇ ನಡೆಸುವ ಕ್ಲೌಡ್ ಬಳಸುವುದು. ಮೊದಲ ಪ್ರಶ್ನೆ ದುಡ್ಡಿನದಲ್ಲ. ಭಾನುವಾರ ರಾತ್ರಿ ‘ಸರ್ವರ್ ಬಂದ್ ಆಗೇತ್ರಿ’ ಅಂತ ಫೋನ್ ಬಂದರೆ ಎದ್ದು ಕೂರುವವರು ಯಾರು? ಒಂದು ಹೆಸರು ಬರೆಯಿರಿ. ಅವರು ಜಾತ್ರೆಗೆಂದು ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಎರಡನೇ ಹೆಸರು ಸಿಗದಿದ್ದರೆ ಸುಮ್ಮನೆ ಕ್ಲೌಡ್ ಹಿಡಿಯಿರಿ.

ಕ್ಲೌಡ್ ಎಂದರೆ ಸ್ಲ್ಯಾಕ್, ಟೀಮ್ಸ್, ಜೋಹೋ ಕ್ಲಿಕ್‌ನಂಥವು. ಪುಕ್ಕಟೆ ಪ್ಲಾನಿನ ಮಿತಿ ಓದಿ. ಸ್ಲ್ಯಾಕ್‌ನ ಪುಕ್ಕಟೆ ಪ್ಲಾನಿನಲ್ಲಿ ಕಳೆದ 90 ದಿನಗಳ ಸಂದೇಶಗಳಷ್ಟೇ ಕಾಣುತ್ತವೆ; ವರ್ಷ ದಾಟಿದವು ಅಳಿಸಿಹೋಗುತ್ತವೆ. ಸಂಕ್ರಾಂತಿಗೆ ಒಪ್ಪಿದ ದರ ನಾಗರ ಪಂಚಮಿಗೆ ಹುಡುಕಿದರೆ ಸಿಗದು. ದುಡ್ಡು ಕೊಟ್ಟರೆ ತಲೆಗಿಷ್ಟು ಎಂದು ಪ್ರತಿ ತಿಂಗಳ ಲೆಕ್ಕ. ಲೇಥ್ ಮುಂದೆ ನಿಂತವರಿಗೆಲ್ಲ ಖಾತೆ ಬೇಕೇ? ಹನ್ನೆರಡು ಜನರಿಗೆ ಸಾಕಾಗಬಹುದು.

ಎರಡು ಹೆಸರು ಸಿಕ್ಕವರು ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ ಚಾಟ್ ಆ್ಯಪ್‌ಗಳಾದ ಮ್ಯಾಟರ್‌ಮೋಸ್ಟ್, ಜುಲಿಪ್, ರಾಕೆಟ್.ಚಾಟ್ ನೋಡಬಹುದು. ನೂರರೊಳಗಿನ ಜನರಿಗೆ ಜುಲಿಪ್ ಎರಡು ಜಿಬಿ ರ‍್ಯಾಮ್‌ನಲ್ಲೇ ನಡೆಯುತ್ತದೆ. ಸ್ವಂತ ಎಂದರೆ ಆಫೀಸಿನ ಮೂಲೆಯ ಪೆಟ್ಟಿಗೆಯೇ ಆಗಬೇಕಿಲ್ಲ. ಅಲ್ಲಿಟ್ಟರೆ ಯುಪಿಎಸ್, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ), ಧೂಳು, ಎಲ್ಲದರ ಚಿಂತೆಯೂ ನಿಮ್ಮದೇ. ನಾನಾದರೆ ಬಾಡಿಗೆ ಸರ್ವರ್ ತೆಗೆದುಕೊಂಡು ಅದರ ಮೇಲೆ ಹಾಕುತ್ತೇನೆ. ಸೆಕ್ಯುರಿಟಿ ಅಪ್‌ಡೇಟ್ ಮುಂದೂಡಬೇಡಿ. ಪ್ರತಿ ರಾತ್ರಿಯ ಬ್ಯಾಕಪ್ ಬೇರೆ ಜಾಗದಲ್ಲಿರಲಿ. ಅದನ್ನು ಇನ್ನೊಂದು ಯಂತ್ರದಲ್ಲಿ ಒಮ್ಮೆ ಎಬ್ಬಿಸಿ ನೋಡಿ. ಬಹಳ ಜನ ಎಡವುವುದು ಇಲ್ಲಿಯೇ.

ಇನ್ನೊಂದು ವಿಷಯ: ಸರ್ವರ್ ನಿಮ್ಮದಾದರೂ ಫೋನಿನಲ್ಲಿ ಟಿಣ್ ಎನ್ನುವ ಸೂಚನೆ ಗೂಗಲ್ ಇಲ್ಲವೇ ಆ್ಯಪಲ್ ದಾರಿಯಲ್ಲೇ ಬರಬೇಕು. ಆ ಸೂಚನೆಯಲ್ಲಿ ಸಂದೇಶದ ಒಳವಿವರ ಹೋಗದಂತೆ ಜುಲಿಪ್‌ನ ಸೆಟ್ಟಿಂಗ್‌ನಲ್ಲಿ ತಡೆಯಬಹುದು.

ಯಾವುದೇ ಆಗಲಿ, ಸ್ಟೋರ್ ಮತ್ತು ಡಿಸ್ಪ್ಯಾಚ್‌ನವರಿಗೆ ಮಾತ್ರ ಎರಡು ವಾರ ಕೊಡಿ. ಉಳಿದವರನ್ನು ಸೇರಿಸುವ ಮೊದಲು ಡೇಟಾ ಹೊರತೆಗೆದು ನೋಡಿ. ಸ್ಲ್ಯಾಕ್‌ನ ಪುಕ್ಕಟೆ ಪ್ಲಾನಿನಲ್ಲಿ ಸಾಮಾನ್ಯವಾಗಿ ಆಫೀಸಿನ ಎಲ್ಲರೂ ಸೇರಬಹುದಾದ ಸಾರ್ವಜನಿಕ ಚಾನೆಲ್‌ಗಳಷ್ಟೇ ಹೊರಬರುತ್ತವೆ. ಕೊಟೇಶನ್ ಮಾತುಕತೆ ನಡೆಯುವುದು ಖಾಸಗಿ ಚಾನೆಲ್‌ನಲ್ಲಿ.