ಹೊಸಬರಿಗೆ ಮಾರ್ಗದರ್ಶಿ: ಮಕ್ಕಳು ಮನೆ ಬಿಟ್ಟು ಹೋದರೆ, ಹೋಗ್ತೀನಿ ಅಂದರೆ

ಅಮೆರಿಕಕ್ಕೆ ಬಂದಿಳಿದ ಹೊಸದರಲ್ಲಿ ಎಲ್ಲರೂ ನಮ್ಮ ಕೂಟಕ್ಕೆ ಫೋನ್ ಮಾಡಿ ಕೇಳುವುದು ಸೋಶಿಯಲ್ ಸೆಕ್ಯುರಿಟಿ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ. ಈ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. ಕೇಳುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ, ಕೈ ನಡುಗುತ್ತಿರುತ್ತದೆ. ಅದಕ್ಕೇ ಈಗಲೇ ಓದಿಟ್ಟುಕೊಳ್ಳಿ.

ಮೊದಲು ಒಂದು ನಂಬರ್ ಬರೆದುಕೊಳ್ಳಿ: 1-800-786-2929. ಇದು ನ್ಯಾಷನಲ್ ರನ್‌ಅವೇ ಸೇಫ್‌ಲೈನ್. 1971ರಲ್ಲಿ ಶಿಕಾಗೋದಲ್ಲಿ ಶುರುವಾಯಿತು, ಈಗ ಇಡೀ ದೇಶಕ್ಕೆ ಇದೇ ಸಹಾಯವಾಣಿ. ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ. ಹೆಸರು ಕೇಳಿದರೆ ಓಡಿಹೋದ ಮಕ್ಕಳಿಗೆ ಮಾತ್ರ ಅನ್ನಿಸುತ್ತೆ, ಅಲ್ವಾ? ಹಾಗಲ್ಲ. ಹೋಗಬೇಕು ಅಂತ ಯೋಚಿಸುತ್ತಿರುವ ಮಗು ಮಾಡಬಹುದು. ಅವಳ ಗೆಳತಿ ಮಾಡಬಹುದು. ಅಪ್ಪ, ಅಮ್ಮ, ಟೀಚರ್ ಯಾರು ಬೇಕಾದರೂ ಮಾಡಬಹುದು. ನಾನೂ ಮಾಡಿದ್ದೇನೆ.

ಮೈಸೂರಿನಿಂದ ಬಂದು ಏಳು ತಿಂಗಳಾಗಿತ್ತು. ಮಗಳಿಗೆ 15. ಹಿಂದಿನ ರಾತ್ರಿ ಮಾರ್ಕ್ಸ್ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳ. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಊಟದ ಡಬ್ಬಿ ಇಡಲು ಸ್ಕೂಲ್ ಬ್ಯಾಗ್ ತೆಗೆದೆ. ಪುಸ್ತಕ ಒಂದೂ ಇರಲಿಲ್ಲ. ಎರಡು ಜೊತೆ ಬಟ್ಟೆ, ಫೋನ್ ಚಾರ್ಜರ್, ಪಾಸ್‌ಪೋರ್ಟ್, ಹೊರಡುವಾಗ ಅವಳಜ್ಜಿ ಕೈಗಿಟ್ಟಿದ್ದ ಐನೂರರ ನೋಟು. ಆ ನೋಟು ಇಲ್ಲಿ ನಡೆಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ನೋಡಿ ನನ್ನ ಕಾಲಿನ ಶಕ್ತಿಯೇ ಹೋಯಿತು.

ಗ್ಯಾರೇಜಿಗೆ ಹೋಗಿ ಫೋನ್ ಮಾಡಿದೆ. ಆ ಕಡೆ ಇದ್ದ ಹೆಂಗಸು ಬುದ್ಧಿ ಹೇಳಲಿಲ್ಲ. ಮಗಳು ಈಗ ಎಲ್ಲಿದ್ದಾಳೆ, ಅವಳಿಗೆ ಏನೂ ಅಪಾಯ ಇಲ್ಲ ತಾನೇ ಅಂತ ಮೊದಲು ಕೇಳಿದರು. ಆಮೇಲೆ, ಅವಳ ಹತ್ತಿರ ಏನು ಹೇಳಬೇಕು ಅಂದುಕೊಂಡಿದ್ದೀರಿ, ಅದನ್ನು ನನಗೆ ಹೇಳಿ ನೋಡಿ ಅಂದರು. ಹೇಳಿದೆ. ನನ್ನ ಮಾತು ನನಗೇ ಬೈಗುಳದ ಹಾಗೆ ಕೇಳಿಸಿತು. ಅವರ ಜೊತೆ ಮೂರು ನಾಲ್ಕು ಸಲ ಹೇಳಿ ಹೇಳಿ, ಕೊನೆಗೆ ಒಂದೇ ಪ್ರಶ್ನೆ ಉಳಿಯಿತು. ಅವತ್ತು ಮಗಳನ್ನು ಸ್ಕೂಲಿಗೆ ಕಳಿಸಲಿಲ್ಲ. ಪಕ್ಕದಲ್ಲಿ ಕೂತು, "ಎಲ್ಲಿಗೆ ಹೋಗಬೇಕು ಅನ್ನಿಸ್ತು ಪುಟ್ಟಾ?" ಅಂತ ಕೇಳಿದೆ. "ಅಜ್ಜಿ ಮನೆಗೆ" ಅಂದಳು. ಅಲ್ಲಿಂದ ಮಾತು ಶುರುವಾಯಿತು.

ಮಗುವೇ ಫೋನ್ ಮಾಡಿದರೂ ಅವರು ಹೀಗೇ ನಡೆದುಕೊಳ್ಳುತ್ತಾರೆ. ಮೊದಲು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಏನೇನು ದಾರಿ ಇದೆ ಅಂತ ಜೊತೆಗೆ ಯೋಚಿಸುತ್ತಾರೆ. ಮನೆ ಬಿಟ್ಟು ಹೋದ ಮಗುವಿಗೆ ಅಪ್ಪ ಅಮ್ಮನ ಹತ್ತಿರ ನೇರವಾಗಿ ಮಾತಾಡಲು ಹೆದರಿಕೆ ಇದ್ದರೆ, ಮಧ್ಯದಲ್ಲಿ ತಾವೂ ಲೈನಿನಲ್ಲಿದ್ದು ಕಾನ್ಫರೆನ್ಸ್ ಕಾಲ್ ಮಾಡಿಸುತ್ತಾರೆ. "ನಾನು ಚೆನ್ನಾಗಿದ್ದೀನಿ" ಅಂತಷ್ಟೇ ಹೇಳಿಕಳಿಸಬೇಕೆಂದರೆ ಆ ಸಂದೇಶವನ್ನೂ ಮುಟ್ಟಿಸುತ್ತಾರೆ. 12ರಿಂದ 21 ವಯಸ್ಸಿನೊಳಗಿನವರು ವಾಪಸ್ ಬರಲು ಒಪ್ಪಿ, ಮನೆಯವರೂ ಒಪ್ಪಿದರೆ, ಗ್ರೇಹೌಂಡ್ ಬಸ್ಸಿನಲ್ಲಿ ಪುಕ್ಕಟೆ ಟಿಕೆಟ್ ಕೊಡಿಸುವ 'ಹೋಮ್ ಫ್ರೀ' ಅನ್ನೋ ವ್ಯವಸ್ಥೆ 1995ರಿಂದ ಇದೆ.

ಹೇಳಿದ್ದನ್ನು ಅವರು ಗುಟ್ಟಾಗಿಡುತ್ತಾರೆ. ಆದರೆ ಮಗು ತನ್ನ ಗುರುತು ಕೊಟ್ಟು, ಮನೆಯಲ್ಲಿ ಹೊಡೆತವೋ ಲೈಂಗಿಕ ಕಿರುಕುಳವೋ ಇದೆ ಅಂದರೆ ಅದನ್ನು ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸಲೇಬೇಕು. ಸ್ಕೂಲಿನ ಟೀಚರಿಗೂ ಡಾಕ್ಟರಿಗೂ ಅದೇ ಕಾನೂನು. ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲಿ "ನಾಲ್ಕು ಬಿಗಿದರೆ ಸರಿಹೋಗ್ತಾರೆ" ಅನ್ನುತ್ತೇವೆ. ಇಲ್ಲಿ ಮೈಮೇಲೆ ಗುರುತು ಬಿದ್ದರೆ ಕೇಸಾಗಬಹುದು. ಕೇಸಿಗೆ ಹೆದರಿ ಅಲ್ಲ, ಬ್ಯಾಗಿನಲ್ಲಿ ಬಟ್ಟೆ ತುಂಬಿಟ್ಟಿರುವ ಮಗುವಿಗೆ ಬಾಗಿಲು ತೋರಿಸಲು ಆ ಒಂದು ಏಟೇ ಸಾಕು, ಅದಕ್ಕೆ ಕೈ ಎತ್ತಬೇಡಿ.

ಮಗು ನಿಜವಾಗಿಯೂ ಕಾಣೆಯಾಗಿದ್ದರೆ ಮೊದಲ ಫೋನ್ 911ಕ್ಕೆ. "24 ಗಂಟೆ ಕಾಯಬೇಕಂತೆ" ಅನ್ನುವವರು ಸಿಗುತ್ತಾರೆ. ಕೇಳಬೇಡಿ. ಕಾಣೆಯಾದ ಮಕ್ಕಳ ದೂರು ತಗೊಳ್ಳಲು ಪೊಲೀಸರು ಕಾಯಿಸುವಂತಿಲ್ಲ ಅಂತ 1990ರಲ್ಲೇ ಫೆಡರಲ್ ಕಾನೂನು ಬಂದಿದೆ. ದೂರು ಬಂದ ಎರಡು ಗಂಟೆಯೊಳಗೆ ಎನ್‌ಸಿಐಸಿ ಅನ್ನುವ ರಾಷ್ಟ್ರೀಯ ಪೊಲೀಸ್ ದಾಖಲೆಗೆ ಮಗುವಿನ ವಿವರ ಹಾಕಬೇಕು. "ಎನ್‌ಸಿಐಸಿಗೆ ಹಾಕಿದಿರಾ?" ಅಂತ ನೀವೇ ಕೇಳಿ, ರಿಪೋರ್ಟ್ ನಂಬರ್ ಬರೆದುಕೊಳ್ಳಿ. ಇತ್ತೀಚಿನ ಫೋಟೋ, ಎತ್ತರ, ತೊಟ್ಟಿದ್ದ ಬಟ್ಟೆ, ಫೋನ್ ನಂಬರ್, ಸ್ನೇಹಿತರ ಹೆಸರು ಕೊಡಿ. ಮಗುವಿನ ರೂಮು ಗುಡಿಸಿ ಒಪ್ಪ ಮಾಡಬೇಡಿ, ಲ್ಯಾಪ್‌ಟಾಪ್ ಮುಟ್ಟಬೇಡಿ. ಆಮೇಲೆ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ಮಾಡಿ: 1-800-843-5678.

ನಮ್ಮವರನ್ನು ಈ ಹೊತ್ತಲ್ಲಿ ತಡೆಯುವುದು ಎರಡು ಭಯ. ಒಂದು, ನಾಲ್ಕು ಜನಕ್ಕೆ ಗೊತ್ತಾದರೆ ಅನ್ನೋದು. ಇನ್ನೊಂದು ವೀಸಾ. ಸಹಾಯವಾಣಿಯವರಿಗೆ ನಿಮ್ಮ ವೀಸಾ ಬೇಕಿಲ್ಲ, ಅವರ ಕೆಲಸವೇ ಬೇರೆ. ಮಗು ಮನೆ ಬಿಟ್ಟು ಹೋಗುವುದು ಕ್ರಿಮಿನಲ್ ಅಪರಾಧವೂ ಅಲ್ಲ. ಕೆಲವು ರಾಜ್ಯಗಳಲ್ಲಿ ಅದು ಜುವೆನೈಲ್ ಕೋರ್ಟಿಗೆ ಹೋಗಬಹುದು, ಅಷ್ಟೇ. ಇನ್ನು ನಾಲ್ಕು ಜನರ ಮಾತಿಗೆ ಹೆದರಿ ನಾವು ಸುಮ್ನೆ ಕೂತರೆ, ಆ ಹೊತ್ತೆಲ್ಲ ಮಗು ಬೀದಿಯಲ್ಲಿರುತ್ತದೆ.

"ಸಾಯ್ತೀನಿ" ಅನ್ನುವ ಮಾತು ಬಂದರೆ, ಅಥವಾ ಹಾಗೆ ಬರೆದಿದ್ದು ಸಿಕ್ಕರೆ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಮಾಡಿ. 2022ರ ಜುಲೈಯಿಂದ ಈ ಮೂರು ಅಂಕಿಯ ನಂಬರ್ ದೇಶಕ್ಕೆಲ್ಲ ಒಂದೇ. ಕರೆಗೆ 240ಕ್ಕೂ ಹೆಚ್ಚು ಭಾಷೆಗಳಲ್ಲಿ ದುಭಾಷಿ ಸೇವೆ ಇದೆ. ಇಂಗ್ಲಿಷ್ ತಡವರಿಸಿದರೆ "ಕನ್ನಡ ಇಂಟರ್‌ಪ್ರಿಟರ್" ಅನ್ನಿ. ಮಾತಾಡಲು ಇಷ್ಟವಿಲ್ಲದ ಮಕ್ಕಳು 741741ಕ್ಕೆ ಇಂಗ್ಲಿಷಿನಲ್ಲಿ 'ಹೋಮ್' ಅಂತ ಮೆಸೇಜ್ ಮಾಡಿದರೆ ಸಹಾಯವಾಣಿಯವರ ಜೊತೆ ಚಾಟ್ ಶುರುವಾಗುತ್ತದೆ. ನಮ್ಮ ಮಕ್ಕಳಿಗೆ ಇದೇ ಜಾಸ್ತಿ ಹಿಡಿಸುವುದು. ಸಲಿಂಗಿ ಮತ್ತು ಟ್ರಾನ್ಸ್ ಮಕ್ಕಳಿಗೆ ಟ್ರೆವರ್ ಪ್ರಾಜೆಕ್ಟ್ ಇದೆ, 1-866-488-7386. ಮನೆಯಲ್ಲಿ ಹೇಳಿಕೊಳ್ಳಲಾಗದೆ ಹೊರಟುಬಿಡುವ ಮಕ್ಕಳು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಈ ನಂಬರ್ ದಾಟಿ ಹೋಗಬೇಡಿ.

ಲೈಬ್ರರಿ, ಅಗ್ನಿಶಾಮಕ ಠಾಣೆ, ಕೆಲವು ಅಂಗಡಿಗಳ ಬಾಗಿಲಲ್ಲಿ ವಜ್ರದಾಕಾರದ ಹಳದಿ 'ಸೇಫ್ ಪ್ಲೇಸ್' ಫಲಕ ಕಾಣುತ್ತದೆ. ಅಲ್ಲಿಗೆ ಹೋಗಿ ಸಹಾಯ ಬೇಕು ಅಂದರೆ ಕೂರಿಸಿಕೊಂಡು, ಮಕ್ಕಳಿಗೆ ನೆರವಾಗುವ ಸಂಸ್ಥೆಯವರನ್ನು ಕರೆಸುತ್ತಾರೆ. ಮುಂದಿನ ಸಲ ಲೈಬ್ರರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಮಗು ಊರಲ್ಲಿ ಅಜ್ಜ ಅಜ್ಜಿ ಹತ್ತಿರ ಓದುತ್ತಿದ್ದರೆ ಅಲ್ಲಿ 1098 ಮಕ್ಕಳ ಸಹಾಯವಾಣಿ. ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ಈ ನಂಬರುಗಳನ್ನು ಜಗಳದ ದಿನ ಕೊಡಬೇಡಿ, ಹೆದರಿಸಿದ ಹಾಗಾಗುತ್ತದೆ. ಕಾರಿನಲ್ಲಿ ಹೋಗುವಾಗ, ಏನೂ ಇಲ್ಲದ ದಿನ, "ನಿನಗಲ್ಲದಿದ್ದರೂ ನಿನ್ನ ಫ್ರೆಂಡಿಗೆ ಬೇಕಾಗಬಹುದು, ಸೇವ್ ಮಾಡ್ಕೋ" ಅನ್ನಿ.

911ಕ್ಕೆ ಮಾಡಿದ ಮೇಲೆ ನಮ್ಮ ಕೂಟಕ್ಕೂ ಒಂದು ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಇಬ್ಬರು ಬರುತ್ತಾರೆ. ಒಬ್ಬರು ಪೊಲೀಸರ ಹತ್ತಿರ ಮಾತಾಡುವಾಗ ಪಕ್ಕದಲ್ಲಿರುತ್ತಾರೆ, ಇನ್ನೊಬ್ಬರು ಮನೆಯಲ್ಲಿರುವ ಚಿಕ್ಕ ಮಗುವಿಗೆ ಊಟ ಮಾಡಿಸಿ ಮಲಗಿಸುತ್ತಾರೆ. ವಿಷಯ ಆ ಇಬ್ಬರನ್ನು ದಾಟಿ ಹೋಗುವುದಿಲ್ಲ.